ಮರಳಿ ಬಂದೀತೆಂಬ ಭೀತಿ

ಬೈಂದೂರಿನ ಸಮೀಪದ ಹಳ್ಳಿಯೊಂದರಲ್ಲಿರುವ ನನ್ನ ಚಿಕ್ಕಮ್ಮನಿಗೆ ನಾಲ್ಕು ವರ್ಷಗಳ ಹಿಂದೆ ಸ್ತನದ ಕ್ಯಾನ್ಸರಿಗಾಗಿ ಶಸ್ತ್ರಕ್ರಿಯೆಯಾಯಿತು. ಏಡಿಗಂತಿಯೆಂದು ನಮ್ಮ ಹಳೆಯ ಪುಸ್ತಕಗಳು ಕರೆಯುವ ರೋಗವೇ ಇದು. ಗಂತಿಯು ಎರಡು ಸೆಂಟಿಮೀಟರಿಗಿಂತ ಸಣ್ಣದಾಗಿತ್ತು. ಕಂಕುಳಿನ ಗ್ರಂಥಿಗಳಿಗೆ ರೋಗ ಹಬ್ಬಿರಲಿಲ್ಲ. ಶಸ್ತ್ರಕ್ರಿಯೆ, ಅನಂತರ ವಿಕಿರಣ ಚಿಕಿತ್ಸೆ, ಅದರ ಮೇಲೆ ದಿನಕ್ಕೊಂದು ಮಾತ್ರೆ, ಎಲ್ಲವೂ ಕ್ರಮವಾಗಿ ನಡೆದುವು. ಚಿಕಿತ್ಸೆ ಮುಗಿದ ವಾರ ಮನೆಯಲ್ಲಿ ಪಾಯಸದ ಊಟವಾಯಿತು. ಎಲ್ಲರೂ ಎದ್ದ ಮೇಲೆ ಹಿತ್ತಿಲ ಬಾವಿಕಟ್ಟೆಯ ಬಳಿ ಆಕೆ ನನ್ನನ್ನು ನಿಲ್ಲಿಸಿ ಕೇಳಿದಳು: “ಮಾಣಿ, ನೀ ಕಲ್ತವ. ಅದ್ ಮತ್ತ್ ಬತ್ತಾ?”

“ಎಂತದೂ ಬತ್ತಿಲ್ಲೆ ಚಿಕ್ಕಮ್ಮ, ಹೆದ್ರಬೇಡ” ಎಂದೆ.

ಒಂದೂವರೆ ವರ್ಷ ಆಕೆ ಮತ್ತೆ ಆ ಮಾತನ್ನೆತ್ತಲಿಲ್ಲ. ನನ್ನ ಮಾತು ಫಲಿಸಿತೆಂದೇ ಭಾವಿಸಿದ್ದೆ. ನಿಜಸಂಗತಿಯನ್ನು ತಿಳಿಸಿದವಳು ಕಾಲೇಜಿನಲ್ಲಿ ಓದುತ್ತಿರುವ ಅವಳ ಮಗಳು. ಅಮ್ಮ ರಾತ್ರಿ ದೀಪವಾರಿಸಿದ ಮೇಲೆ ಗಾಯದ ಗೆರೆಯ ಮೇಲೆ ಬೆರಳಾಡಿಸುತ್ತ ಗಂಟಿಗಾಗಿ ಹುಡುಕುತ್ತಾಳೆ; ತೋಳಿನಲ್ಲಿ ಚುಚ್ಚಿದಂತಾದರೆ ಬೆಳಗಿನವರೆಗೂ ನಿದ್ರಿಸುವುದಿಲ್ಲ; ಚಿಕ್ಕಪ್ಪನು ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಿಂದ ತೆಂಗಿನ ಸಸಿಗಳನ್ನು ತರಹೊರಟಾಗ, ಕಾಯಿ ಬಿಡುವ ಕಾಲಕ್ಕೆ ತಾನಿರುವೆನೋ ಇಲ್ಲವೋ ಎಂದು ಬೇಡವೆಂದಳಂತೆ. ನನ್ನ ‘ಹೆದ್ರಬೇಡ’ವು ಭಯವನ್ನು ಕಳೆದಿರಲಿಲ್ಲ, ಅದನ್ನು ನನ್ನೆದುರು ಆಡದಂತೆ ಬಾಯಿ ಕಟ್ಟಿತ್ತು, ಅಷ್ಟೆ.

ಆಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಭಯಕ್ಕೆ ಪರೀಕ್ಷೆಯೇ ಮದ್ದೆಂದು ನಿಶ್ಚಯಿಸಿ, ವೈದ್ಯರನ್ನು ಕೇಳದೆ, ಪ್ರಯೋಗಾಲಯವೊಂದರಲ್ಲಿ ಅವಳ ರಕ್ತದ ‘ಕ್ಯಾನ್ಸರ್ ಸೂಚಕ’ವನ್ನು ಅಳೆಯಿಸಿದೆ. ಬಂದ ಅಂಕಿಯು ಸಾಧಾರಣ ಮಿತಿಗಿಂತ ತುಸು ಮೇಲಿತ್ತು. ಅಲ್ಲಿಂದ ಆರು ವಾರ ಸ್ಕ್ಯಾನುಗಳು, ಪುನಃ ರಕ್ತ, ಪುನಃ ಸ್ಕ್ಯಾನು. ಕೊನೆಗೆ ಏನೂ ಇರಲಿಲ್ಲ. ಆ ಆರು ವಾರಗಳಲ್ಲಿ ಚಿಕ್ಕಮ್ಮನು ನಾಲ್ಕು ಕಿಲೋಗ್ರಾಂ ಇಳಿದಳು, ಮತ್ತು ಇಳಿದ ತೂಕವನ್ನೇ ರೋಗದ ಸಾಕ್ಷಿಯೆಂದು ನಂಬಿದಳು.

ಭೌತವಿಜ್ಞಾನವನ್ನು ಬೋಧಿಸುವ ನನಗೆ ಈ ತಪ್ಪು ಮೊದಲೇ ಹೊಳೆಯಬೇಕಾಗಿತ್ತು. ನಮ್ಮ ಪ್ರಯೋಗಶಾಲೆಯ ಗೈಗರ್ ಗಣಕದ ಮುಂದೆ ಯಾವ ವಿಕಿರಣಶೀಲ ವಸ್ತುವನ್ನು ಇಡದಿದ್ದರೂ ಅದು ಆಗಾಗ ಟಿಕ್ಕೆನ್ನುತ್ತದೆ. ಆಕಾಶದಿಂದ ಬರುವ ವಿಶ್ವಕಿರಣಗಳು, ಗೋಡೆಯ ಕಲ್ಲು, ಅಷ್ಟೇಕೆ, ನಮ್ಮ ಮೈಯೊಳಗಿನ ಪೊಟ್ಯಾಸಿಯಂ ಕೂಡ ಇಂಥ ಹಿನ್ನೆಲೆಯ ವಿಕಿರಣಕ್ಕೆ ಕಾರಣ. ವಯಸ್ಕನೊಬ್ಬನ ಶರೀರದಲ್ಲಿ ಸೆಕೆಂಡಿಗೆ ಸುಮಾರು 4 ಸಾವಿರ ಪೊಟ್ಯಾಸಿಯಂ ಪರಮಾಣುಗಳು ಕ್ಷಯಿಸುತ್ತಿರುತ್ತವೆ. ಹೊಸ ವಿದ್ಯಾರ್ಥಿಯು ಮೊದಲ ಟಿಕ್ಕಿಗೇ ‘ಸಿಕ್ಕಿತು’ ಎಂದು ಕೂಗುತ್ತಾನೆ. ಉಪಕರಣವನ್ನು ಹೆಚ್ಚು ಸೂಕ್ಷ್ಮವಾಗಿಸಿದಷ್ಟೂ ನಿಜವಾದ ಸಂಕೇತದೊಂದಿಗೆ ಗದ್ದಲವನ್ನೂ ಎಣಿಸಬೇಕಾಗುತ್ತದೆ.

ಲೆಕ್ಕವನ್ನು ನೋಡಿರಿ, ಇಲ್ಲಿನ ಅಂಕಿಗಳು ಕೇವಲ ಊಹೆ. ಯಾವ ಲಕ್ಷಣವೂ ಇಲ್ಲದ 1000 ಮಂದಿಯಲ್ಲಿ 10 ಮಂದಿಗೆ ರೋಗವು ಮರಳಿದೆಯೆನ್ನೋಣ. ಪರೀಕ್ಷೆಯು ಇವರಲ್ಲಿ 8 ಮಂದಿಯನ್ನು ಹಿಡಿಯುತ್ತದೆ. ರೋಗವಿಲ್ಲದವರಲ್ಲಿ ನೂರಕ್ಕೆ 5 ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ. 990ರ ನೂರಕ್ಕೆ ಐದೆಂದರೆ ಸುಮಾರು 50. ಹೀಗೆ ಭಯಗೊಂಡ 58 ಮಂದಿಯಲ್ಲಿ ಭಯಕ್ಕೆ ಆಧಾರವುಳ್ಳವರು 8 ಮಂದಿ ಮಾತ್ರ. ನನ್ನ ಚಿಕ್ಕಮ್ಮನು ಉಳಿದ ಐವತ್ತರಲ್ಲಿ ಒಬ್ಬಳು.

ಆ 8 ಮಂದಿಗಾದರೂ ಲಾಭವಾಯಿತಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಟಲಿಯ ವೈದ್ಯರು ಇದನ್ನು ಪ್ರಯೋಗದಿಂದಲೇ ಪರೀಕ್ಷಿಸಿ 1994ರಲ್ಲಿ ಎರಡು ದೊಡ್ಡ ಅಧ್ಯಯನಗಳನ್ನು ಪ್ರಕಟಿಸಿದರು. ಒಂದರಲ್ಲಿ 1320 ಸ್ತ್ರೀಯರಿದ್ದರು. ಅರ್ಧದಷ್ಟು ಮಂದಿಗೆ ಗೊತ್ತಾದ ಅವಧಿಗೊಮ್ಮೆ ಎಲುಬಿನ ಸ್ಕ್ಯಾನು, ಎದೆಯ ಎಕ್ಸರೇ, ಯಕೃತ್ತಿನ ಪರೀಕ್ಷೆ, ರಕ್ತಪರೀಕ್ಷೆಗಳನ್ನು ಮಾಡಿದರು. ಉಳಿದವರನ್ನು ವೈದ್ಯರು ಕೈಯಿಂದ ಪರೀಕ್ಷಿಸಿ, ವರ್ಷಕ್ಕೊಮ್ಮೆ ಸ್ತನದ ಎಕ್ಸರೇ ಚಿತ್ರವನ್ನು, ಎಂದರೆ ಮ್ಯಾಮೋಗ್ರಾಮನ್ನು, ತೆಗೆಸಿದರು. ಸುಮಾರು ಆರು ವರ್ಷಗಳ ಬಳಿಕ ಮೊದಲ ಗುಂಪಿನಲ್ಲಿ ನೂರಕ್ಕೆ 20, ಎರಡನೆಯದರಲ್ಲಿ ನೂರಕ್ಕೆ 18 ಮಂದಿ ಮೃತರಾಗಿದ್ದರು. ಹೆಚ್ಚು ಪರೀಕ್ಷೆಯಿಂದ ಆಯುಷ್ಯ ಬೆಳೆಯಲಿಲ್ಲ. ಯಂತ್ರಗಳು ಅಂದಿನಿಂದ ಬಹಳ ಸುಧಾರಿಸಿವೆ, ನಿಜ. ಆದರೂ ಲಕ್ಷಣಗಳಿಲ್ಲದವರಿಗೆ ಕಾಲಕಾಲದ ವೈದ್ಯ ತಪಾಸಣೆ ಮತ್ತು ವರ್ಷಕ್ಕೊಂದು ಮ್ಯಾಮೋಗ್ರಾಮು ಸಾಕು, ರಕ್ತಸೂಚಕಗಳನ್ನು ವಾಡಿಕೆಯಾಗಿ ಅಳೆಯಬೇಕಾಗಿಲ್ಲ ಎಂಬುದೇ ಇಂದಿಗೂ ವೈದ್ಯಸಂಘಗಳ ಮಾರ್ಗಸೂಚಿ. ಆದುದರಿಂದ ‘ಇಡೀ ದೇಹದ ತಪಾಸಣೆ, ರಿಯಾಯಿತಿ ದರದಲ್ಲಿ’ ಎಂಬ ಜಾಹೀರಾತುಗಳನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಅಲ್ಲಿ ಮಾರಾಟಕ್ಕಿರುವುದು ಧೈರ್ಯವೆಂದು ಜನ ತಿಳಿಯುತ್ತಾರೆ.

ಹಾಗಾದರೆ ‘ಅದ್ ಮತ್ತ್ ಬತ್ತಾ’ ಎಂಬ ಪ್ರಶ್ನೆಗೆ ಸತ್ಯವಾದ ಉತ್ತರವೇನು? ಹೌದೆಂಬುದೂ ಸುಳ್ಳು, ಇಲ್ಲವೆಂಬುದೂ ಸುಳ್ಳು. 2017ರಲ್ಲಿ ಪ್ರಕಟವಾದ ಬೃಹತ್ ಅಧ್ಯಯನವೊಂದು, ಹಾರ್ಮೋನಿಗೆ ಸ್ಪಂದಿಸುವ ಗಂತಿಯಿದ್ದು, ಐದು ವರ್ಷ ಮಾತ್ರೆ ಸೇವಿಸಿ, ಅಲ್ಲಿಯವರೆಗೂ ರೋಗಮುಕ್ತರಾಗಿದ್ದ 62 ಸಾವಿರಕ್ಕೂ ಹೆಚ್ಚು ಸ್ತ್ರೀಯರ ದಾಖಲೆಗಳನ್ನು ಪರಿಶೀಲಿಸಿತು. ಚಿಕ್ಕಮ್ಮನದರಂತೆ ಗಂತಿ ಸಣ್ಣದಾಗಿದ್ದು ಗ್ರಂಥಿಗಳಿಗೆ ಹಬ್ಬದಿದ್ದವರಲ್ಲಿ, ಮುಂದಿನ ಹದಿನೈದು ವರ್ಷಗಳಲ್ಲಿ ದೇಹದ ಬೇರೆ ಭಾಗದಲ್ಲಿ ರೋಗ ಕಾಣಿಸಿಕೊಂಡುದು ನೂರಕ್ಕೆ 13 ಮಂದಿಗೆ. ಗಂತಿ ದೊಡ್ಡದಾಗಿದ್ದು ನಾಲ್ಕಕ್ಕಿಂತ ಕಡಿಮೆಯಿಲ್ಲದಷ್ಟು ಗ್ರಂಥಿಗಳಿಗೆ ಹಬ್ಬಿದ್ದವರಲ್ಲಿ ನೂರಕ್ಕೆ 41 ಮಂದಿಗೆ. ‘ಐದು ವರ್ಷ ದಾಟಿದರೆ ಪಾರು’ ಎಂಬ ನಮ್ಮ ಊರಿನ ನಂಬಿಕೆ ಈ ಬಗೆಯ ಕ್ಯಾನ್ಸರಿಗೆ ಒಪ್ಪುವುದಿಲ್ಲ. ಹಾರ್ಮೋನಿಗೆ ಸ್ಪಂದಿಸದ ಬಗೆಯಲ್ಲಿಯಾದರೋ ಅಪಾಯವು ಮೊದಲ ಎರಡು ಮೂರು ವರ್ಷಗಳಲ್ಲಿಯೇ ಹೆಚ್ಚು. ಬಳಿಕ ಬಹಳವಾಗಿ ಇಳಿಯುತ್ತದೆ.

ಈ 13 ಎಂಬುದರ ಅರ್ಥವನ್ನು ನಾನು ಅವಳಿಗೆ ವಿಕಿರಣಶೀಲ ಅಯೋಡಿನ್ನಿನ ಉದಾಹರಣೆಯಿಂದ ವಿವರಿಸಹೋಗಿ ಸೋತೆ. ನಿಮಗೆ ಅದು ಸುಲಭವಾಗಿ ತಿಳಿದೀತು. ಅಯೋಡಿನ್-131ರ ಅರ್ಧಾಯು ಎಂಟು ದಿನ. ಕೋಟಿ ಪರಮಾಣುಗಳಲ್ಲಿ ಅರ್ಧದಷ್ಟು ಎಂಟು ದಿನಗಳಲ್ಲಿ ಕ್ಷಯಿಸುವುವೆಂದು ಖಚಿತವಾಗಿ ಹೇಳಬಲ್ಲೆವು. ಬೊಟ್ಟುಮಾಡಿ ತೋರಿಸಿದ ಒಂದು ಪರಮಾಣು ನಾಳೆ ಕ್ಷಯಿಸುವುದೇ ಎಂದು ಯಾರೂ ಹೇಳಲಾರರು. ಅಂಕಿಯು ಸಮೂಹಕ್ಕೆ ಸೇರಿದ್ದು. ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಪರಮಾಣುವಿನ ಗತಿಯನ್ನು ಬದಲಿಸುವ ಮಾತ್ರೆಯಿಲ್ಲ, ಇಲ್ಲಿ ಇದೆ: ಹಾರ್ಮೋನಿಗೆ ಸ್ಪಂದಿಸುವ ಬಗೆಯಲ್ಲಿ ಐದು ವರ್ಷದ ಟಮಾಕ್ಸಿಫೆನ್ ಸೇವನೆಯು ಹದಿನೈದು ವರ್ಷಗಳಲ್ಲಿ ಈ ರೋಗದಿಂದಾಗುವ ಮರಣಗಳನ್ನು ಸುಮಾರು ಮೂರನೆಯ ಒಂದರಷ್ಟು ತಗ್ಗಿಸಿತೆಂದು 2011ರ ವಿಶ್ಲೇಷಣೆ ತೋರಿಸಿತು. ಚಿಕ್ಕಮ್ಮನು ಅಯೋಡಿನ್ನನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ‘ನಿನ್ನಂಥ ನೂರು ಮಂದಿಯಲ್ಲಿ 87 ಮಂದಿಗೆ ಹಾಗಾಗಲಿಲ್ಲ’ ಎಂದಾಗ ಮಾತ್ರ ತಲೆಯೆತ್ತಿದಳು. “ಇದನ್ನ್ ಅವತ್ತೇ ಹೇಳುಕ್ ಆತಿರ್ಲಿಲ್ಯಾ?” ಎಂದಳು.

ತೋಳಿನ ಚುಚ್ಚುವಿಕೆಗೂ ವಿವರಣೆಯಿತ್ತು. ಶಸ್ತ್ರಕ್ರಿಯೆಯಲ್ಲಿ ಕಂಕುಳಿನ ಸಣ್ಣ ನರಗಳಿಗೆ ಪೆಟ್ಟಾಗುವುದುಂಟು. ಡೆನ್ಮಾರ್ಕಿನಲ್ಲಿ 3253 ಸ್ತ್ರೀಯರನ್ನು ವಿಚಾರಿಸಿ 2009ರಲ್ಲಿ ಪ್ರಕಟಿಸಿದ ವರದಿಯಂತೆ, ಶಸ್ತ್ರಕ್ರಿಯೆಯಾಗಿ ಎರಡು ಮೂರು ವರ್ಷಗಳ ಮೇಲೂ ನೂರಕ್ಕೆ 47 ಮಂದಿಗೆ ನೋವು ಉಳಿದಿತ್ತು. ಇದೊಂದು ಸಂಗತಿಯನ್ನು ಮೊದಲ ದಿನವೇ ತಿಳಿಸಿದ್ದರೆ ಎಷ್ಟು ರಾತ್ರಿಗಳು ಉಳಿಯುತ್ತಿದ್ದುವೋ!

ಗಂಗೊಳ್ಳಿಯ ಮೀನುಗಾರರಿಗೆ ಕಡಲು ಕೆರಳುವುದಿಲ್ಲವೆಂದು ಯಾರೂ ಆಶ್ವಾಸನೆ ಕೊಡುವುದಿಲ್ಲ. ಹವಾಮಾನ ಇಲಾಖೆಯ ಎಚ್ಚರಿಕೆಯಿದ್ದ ದಿನ ದೋಣಿ ಇಳಿಯದು, ಇಲ್ಲದ ದಿನ ಇಳಿಯುತ್ತದೆ. ಚಿಕ್ಕಮ್ಮನ ವೈದ್ಯರು, ಕೇಳಿದ ಮೇಲೆ, ಇಂಥದೇ ನಿಯಮವನ್ನು ಕೊಟ್ಟರು. ಗಾಯದ ಬಳಿ, ಕಂಕುಳಲ್ಲಿ ಅಥವಾ ಇನ್ನೊಂದು ಸ್ತನದಲ್ಲಿ ಹೊಸ ಗಂಟು ಕಂಡರೆ ಕೂಡಲೇ ಬರತಕ್ಕದ್ದು. ಒಂದೇ ಎಲುಬಿನ ಬಿಡದ ನೋವು, ಕೆಮ್ಮು, ತಲೆನೋವು ಎರಡು ವಾರ ಕಳೆದರೂ ಇಳಿಯದಿದ್ದರೆ ಬರತಕ್ಕದ್ದು, ಏದುಸಿರಾದರೆ ಕಾಯಲಾಗದು. ಕೈಯಿಂದ ಮುಟ್ಟಿ ನೋಡಿಕೊಳ್ಳುವುದು ತಿಂಗಳಿಗೊಮ್ಮೆ ಮಾತ್ರ. ಶಿರೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿಯ ಬಸ್ಸು ಹಿಡಿದು ಮಣಿಪಾಲದಂಥ ಕಡೆಗೆ ಚಿಕಿತ್ಸೆಗೆ ಹೋಗಿಬರುವ ಪ್ರತಿಯೊಬ್ಬ ಸ್ತ್ರೀಗೂ, ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವವಳಿಗೂ, ಮೀನು ಮಾರುವವಳಿಗೂ, ಇಷ್ಟನ್ನು ಬರೆದ ಒಂದು ಕನ್ನಡ ಹಾಳೆ, ಕರೆಮಾಡಬೇಕಾದ ದೂರವಾಣಿ ಸಂಖ್ಯೆಯೊಂದಿಗೆ, ಮನೆಗೆ ಹೊರಡುವ ದಿನವೇ ಕೈಸೇರಬೇಕು. ಅದರ ಖರ್ಚು ಒಂದು ಕಾಗದ.

ನಿಯಮ ದೊರೆತೊಡನೆ ಭಯ ಹೋಗಲಿಲ್ಲ. ಮನಸ್ಸಿಗೂ ಅಭ್ಯಾಸ ಬೇಕು. ಆಸ್ಟ್ರೇಲಿಯದ ಮನಶ್ಶಾಸ್ತ್ರಜ್ಞರು ಕ್ಯಾನ್ಸರಿನಿಂದ ಪಾರಾದ 222 ಮಂದಿಯ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧ ಮಂದಿಗೆ ಐದು ಭೇಟಿಗಳಲ್ಲಿ ಗಮನವನ್ನು ಹೊರಳಿಸುವ ಅಭ್ಯಾಸವನ್ನೂ, ಚಿಂತೆಯನ್ನು ಚಿಂತೆಯೆಂದು ಗುರುತಿಸಿ ಅದರೊಡನೆ ವಾದಿಸದೆ ಬಿಡುವುದನ್ನೂ ಕಲಿಸಿದರು. ಉಳಿದವರಿಗೆ ಮೈ ಸಡಿಲಿಸುವ ವಿಶ್ರಾಂತಿಯನ್ನು ಕಲಿಸಿದರು. ಮೊದಲಿನವರ ಭೀತಿ ಹೆಚ್ಚು ಇಳಿಯಿತು. ಮಾತನಾಡುವುದಕ್ಕೂ ಬೆಲೆಯುಂಟು. ಬಿ.ವಿ. ಭಾರತಿಯವರು ತಮ್ಮ ಕ್ಯಾನ್ಸರಿನ ಅನುಭವವನ್ನು ‘ಸಾಸಿವೆ ತಂದವಳು’ ಎಂಬ ಪುಸ್ತಕದಲ್ಲಿ ಬರೆದಿದ್ದಾರೆ. ಚಿಕ್ಕಮ್ಮನ ಮಗಳು ಅದನ್ನು ತಂದು ಅಮ್ಮನಿಗೆ ಓದಿ ಹೇಳಿದಳು. ಈ ಕಾಯಿಲೆಯ ಹೆಸರನ್ನು ಆ ಮನೆಯಲ್ಲಿ ಗಟ್ಟಿಯಾಗಿ ಉಚ್ಚರಿಸಿದುದು ಅದೇ ಮೊದಲು.

ನಿಮ್ಮಲ್ಲಿ ಕೆಲವರ ಮನೆಗಳಲ್ಲಿಯೂ ಇಂಥ ತಾಯಿಯೋ ಅತ್ತೆಯೋ ಇರಬಹುದು. ಆಕೆ ಕೇಳಿದಾಗ, ನನ್ನಂತೆ ಅವಸರದ ಧೈರ್ಯ ಹೇಳಿ ಮಾತನ್ನು ಮುಗಿಸಬೇಡಿರಿ. ಕೂತು ಕೇಳಿರಿ, ಗೊತ್ತಿಲ್ಲದುದನ್ನು ಬರೆದುಕೊಂಡು ವೈದ್ಯರನ್ನು ಕೇಳಿರಿ. ತಪಾಸಣೆಯ ಹಿಂದಿನ ವಾರ ಭಯ ಹೆಚ್ಚುವುದು ಸಹಜ. ಆ ವಾರ ಮನೆಯಲ್ಲಿರಿ.

ಚಿಕ್ಕಮ್ಮನ ವಾರ್ಷಿಕ ತಪಾಸಣೆ ಬರುವ ತಿಂಗಳು. ಈಗಲೂ ಕೆಲವು ರಾತ್ರಿ ಆಕೆಗೆ ನಿದ್ರೆ ಬರುವುದಿಲ್ಲ. ವೈದ್ಯರಿಗೆ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಮಗಳ ಕೈಯಿಂದ ನೋಟುಬುಕ್ಕಿನಲ್ಲಿ ಬರೆಯಿಸಿಟ್ಟಿದ್ದಾಳೆ. ಮಾತ್ರೆಯನ್ನು ಐದು ವರ್ಷ ನುಂಗಬೇಕೋ ಹತ್ತು ವರ್ಷವೋ ಎಂಬುದು ಒಂದು. ಬಾವಿಯಿಂದ ನೀರು ಸೇದಬಹುದೇ ಎಂಬುದು ಇನ್ನೊಂದು. ಮೂರನೆಯದನ್ನು ನನಗೆ ತೋರಿಸಲಿಲ್ಲ.