ಎರಡೂವರೆ ಸಾವಿರದ ಡಬ್ಬಿ, ಒಂದು ಹಿಡಿ ಎರೆಮಣ್ಣು

ಮಗಳಿಗೆ ಮೂರೂವರೆ ವರ್ಷ. ಪ್ಲೇಹೋಮ್ ಟೀಚರ್ ಒಂದು ಸಂಜೆ ನನ್ನನ್ನು ಪಕ್ಕಕ್ಕೆ ಕರೆದು, ‘ಮೇಡಂ, ಇವಳು ಕ್ರೆಯಾನ್ ಗಟ್ಟಿಯಾಗಿ ಹಿಡಿಯಲ್ಲ. ಟಿಫಿನ್ ಡಬ್ಬಿ ಮುಚ್ಚಳ ತೆಗೆಯೋಕೂ ನಮ್ಮನ್ನೇ ಕರೀತಾಳೆ. ಮನೇಲಿ ಕೈಗೆ ಸ್ವಲ್ಪ ಕೆಲಸ ಕೊಡಿ’ ಅಂದ್ರು. ಬೈದಿದ್ದಲ್ಲ, ಮೆತ್ತಗೇ ಹೇಳಿದ್ದು. ಆದ್ರೂ ಮನೆಗೆ ಬರುವಷ್ಟು ಹೊತ್ತೂ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಯಾಕಂದ್ರೆ ಅವಳ ತೋರುಬೆರಳು ಎಷ್ಟು ಚುರುಕು ಅಂತ ನನಗೆ ಗೊತ್ತು. ಯೂಟ್ಯೂಬ್‌ನಲ್ಲಿ ಜಾಹೀರಾತು ಬಂದರೆ ‘ಸ್ಕಿಪ್’ ಎಲ್ಲಿ ಬರುತ್ತೋ ಅಲ್ಲಿ ಬೆರಳು ಮೊದಲೇ ಕಾಯ್ತಾ ಇರುತ್ತೆ. ಉಳಿದ ಒಂಬತ್ತು ಬೆರಳಿಗೆ ನಾವು ಕೆಲಸವನ್ನೇ ಕೊಟ್ಟಿರಲಿಲ್ಲ.

ತಪ್ಪು ಅವಳದ್ದಲ್ಲ. ಸಂಜೆ ಆರರಿಂದ ಏಳೂವರೆವರೆಗೆ ನನಗೆ ಕಾಲ್ ಇರುತ್ತೆ. ಅವರಪ್ಪ ಆಫೀಸಿನಿಂದ ಬರೋದು ಎಂಟಕ್ಕೆ. ಆ ಒಂದೂವರೆ ಗಂಟೆ ಅವಳನ್ನು ನೋಡಿಕೊಳ್ಳುತ್ತಿದ್ದದ್ದು ಫೋನು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಕೂತು ಪರದೆ ನೋಡೋದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮ ಮನೆಯಲ್ಲಿ ಆ ಕೋಟಾ ಊಟಕ್ಕೆ ಮುಂಚೆಯೇ ಮುಗಿದುಹೋಗುತ್ತಿತ್ತು.

ಸಾಫ್ಟ್‌ವೇರ್‌ನವರಿಗೆ ಒಂದು ಕಾಯಿಲೆ ಇದೆ. ಸಮಸ್ಯೆ ಕಂಡ ಕೂಡಲೇ ಆರ್ಡರ್ ಹಾಕ್ತೀವಿ. ಎರಡೂವರೆ ಸಾವಿರ ಕೊಟ್ಟು ಒಂದು ‘ಸೆನ್ಸರಿ ಕಿಟ್’ ತರಿಸಿದೆ. ಬಣ್ಣದ ಅಕ್ಕಿ, ಮರದ ಚಮಚ, ಪ್ಲಾಸ್ಟಿಕ್ ಮಣಿ, ಒಂದು ಪುಸ್ತಕ. ಮೂರನೇ ದಿನಕ್ಕೆ ಬಣ್ಣದ ಅಕ್ಕಿ ಸೋಫಾ ಕೆಳಗೆ ಸೇರಿತು. ಅವಳಿಗೆ ಇಷ್ಟವಾದದ್ದು ಕಿಟ್ ಬಂದಿದ್ದ ರಟ್ಟಿನ ಡಬ್ಬಿ. ಅದರೊಳಗೆ ಗೊಂಬೆ ಮಲಗಿಸಿ ಮನೆ ಮಾಡಿಕೊಂಡಳು.

ರಾರಾವಿಯ ಪಡಸಾಲೆಯಲ್ಲಿ

ಜೂನ್‌ನಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಅಂತ ಊರಿಗೆ ಹೋದೆವು. ಊರು ಸಿರುಗುಪ್ಪ ತಾಲ್ಲೂಕಿನ ರಾರಾವಿ. ಬೆಂಗಳೂರಿನ ಗೆಳೆಯರಿಗೆ ಈ ಹಬ್ಬದ ಹೆಸರೇ ಹೊಸದು. ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ, ಬಿತ್ತನೆ ಶುರುವಾಗೋ ಹೊತ್ತಲ್ಲಿ, ನಮ್ಮ ಕಡೆ ಮಣ್ಣಲ್ಲಿ ಜೋಡಿ ಎತ್ತು ಮಾಡಿ ಪೂಜೆ ಮಾಡ್ತಾರೆ. ಮಾಡಿದ ಎತ್ತು ಮಾರೋರೂ ಇದ್ದಾರೆ. ಅವ್ವ ಮಾತ್ರ ಈಗಲೂ ಕೈಯಿಂದಲೇ ಮಾಡೋದು.

ಪಡಸಾಲೆಯಲ್ಲಿ ಗೋಣಿಚೀಲ ಹಾಸಿ, ಕಲಸಿದ ಎರೆಮಣ್ಣಿನ ಮುದ್ದೆ ಇಟ್ಟುಕೊಂಡು ಅವ್ವ ಕೂತಳು. ಮಗಳು ದೂರದಿಂದಲೇ ನೋಡಿ, ‘ಛೀ, ಡರ್ಟಿ’ ಅಂದಳು. ನನಗೆ ನಾಚಿಕೆಯಾಯ್ತು. ‘ಬಾ, ಮುಟ್ಟು, ಏನೂ ಆಗಲ್ಲ’ ಅಂತ ಕೈ ಹಿಡಿದು ಎಳೆಯೋಕೆ ಹೋದೆ.

‘ಬ್ಯಾಡ ಬಿಡವ್ವ, ಜುಲುಮಿ ಮಾಡಬ್ಯಾಡ. ನಾ ಮಾಡತೀನಿ, ಅದು ನೋಡತೈತಿ. ಬರಬೇಕಂದ್ರ ತಾನಾ ಬರತೈತಿ’ ಅಂದಳು ಅವ್ವ. ಅಷ್ಟೇ. ಆಮೇಲೆ ಕೂಸಿನ ಕಡೆ ತಿರುಗಿಯೂ ನೋಡಲಿಲ್ಲ.

ಹದಿನೈದು ನಿಮಿಷ ಆಗಿರಬೇಕು. ಮಗಳು ಹತ್ತಿರ ಬಂದು ಆ ‘ಸ್ಕಿಪ್’ ಬೆರಳನ್ನೇ ಮಣ್ಣಿಗೆ ಚುಚ್ಚಿದಳು. ತೂತು ಬಿತ್ತು. ಮತ್ತೆ ಚುಚ್ಚಿದಳು. ಅವ್ವ ಒಂದು ಉಂಡೆ ಮಣ್ಣು ಅವಳ ಮುಂದೆ ಸರಿಸಿ, ‘ಕಣ್ಣು ಹಚ್ಚತೀಯೇನು?’ ಅಂತ ಎರಡು ಜೋಳದ ಕಾಳು ಕೊಟ್ಟಳು. ಸಂಜೆ ಹೊತ್ತಿಗೆ ಅವಳದೂ ಒಂದು ಎತ್ತು ತಯಾರು. ಆಲೂಗಡ್ಡೆಗೆ ಐದು ಕಾಲು ಬಂದ ಹಾಗಿತ್ತು. ಐದನೆಯದು ಬಾಲವಂತೆ. ಅವ್ವ ಅದನ್ನು ತಿದ್ದಲಿಲ್ಲ. ತನ್ನ ಜೋಡಿ ಎತ್ತಿನ ಪಕ್ಕದಲ್ಲೇ ದೇವರ ಜಗಲಿ ಮೇಲಿಟ್ಟು, ಅದಕ್ಕೂ ಕುಂಕುಮ ಹಚ್ಚಿದಳು. ಅವತ್ತು ಮಗಳು ಫೋನ್ ಕೇಳಲಿಲ್ಲ. ನನಗೂ ಅದು ನೆನಪಾದದ್ದು ರಾತ್ರಿ ಮಲಗುವಾಗ.

ಮರುದಿನ ಆ ಎತ್ತಿನ ಬೆನ್ನು ಬಿರುಕು ಬಿಟ್ಟಿತ್ತು. ಎರೆಮಣ್ಣಿನ ಗುಣವೇ ಹಾಗೆ. ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಬೇಸಿಗೆಯಲ್ಲಿ ನಮ್ಮ ಹೊಲಗಳು ಬಾಯಿ ಬಿಡೋದೂ ಇದಕ್ಕೇ. ಮಣ್ಣಿಗೆ ಸಣ್ಣಗೆ ಕತ್ತರಿಸಿದ ಹುಲ್ಲು ಸೇರಿಸಿ, ನೀರು ಕಡಿಮೆ ಹಾಕಿ, ಬಿಸಿಲಿಗಿಡದೆ ನೆರಳಲ್ಲಿ ನಿಧಾನಕ್ಕೆ ಒಣಗಿಸಿದರೆ ಬಿರುಕು ಕಡಿಮೆ. ಹಳೇ ಮಣ್ಣಿನ ಗೋಡೆಗಳಿಗೆ ಹುಲ್ಲು ಬೆರೆಸುತ್ತಿದ್ದದ್ದು ಸುಮ್ಮನೆ ಅಲ್ಲ.

ಇದೇನು ಹೊಸದಲ್ಲ

ಆ ರಾತ್ರಿ ಯೋಚಿಸಿದೆ. ಹಿಸುಕೋದು, ಚಿವುಟೋದು, ಉಂಡೆ ಕಟ್ಟೋದು, ಕಾಳು ಎತ್ತಿ ಒತ್ತೋದು. ಪೆನ್ಸಿಲ್ ಹಿಡಿಯೋಕೆ ಬೇಕಾದ ಹೆಬ್ಬೆರಳು-ತೋರುಬೆರಳಿನ ಬಲ ಬರೋದು ಇವುಗಳಿಂದಲೇ. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆದರು. ಅವರ ಪದ್ಧತಿಯಲ್ಲಿ ಇಂದಿಗೂ ನೀರು ಸುರಿಯೋದು, ಗುಂಡಿ ಹಾಕೋದು, ಒರಟು ಅಕ್ಷರದ ಮೇಲೆ ಬೆರಳಾಡಿಸೋದು ಮುಖ್ಯ. 1975ರಲ್ಲಿ ಶುರುವಾದ ನಮ್ಮ ಅಂಗನವಾಡಿ ವ್ಯವಸ್ಥೆಯಲ್ಲೂ ಮೂರು ದಾಟಿದ ಮಕ್ಕಳಿಗೆ ಆಟದ ಮೂಲಕವೇ ಕಲಿಕೆ. ಕರ್ನಾಟಕದ ಅಂಗನವಾಡಿಗಳ ಆ ಚಟುವಟಿಕೆ ಪುಸ್ತಕದ ಹೆಸರೇ ‘ಚಿಲಿಪಿಲಿ’. 2023ರಲ್ಲಿ ಕೇಂದ್ರ ಸರ್ಕಾರ ತಂದ ‘ಜಾದೂಯಿ ಪಿಟಾರಾ’ ಪೆಟ್ಟಿಗೆಯಲ್ಲೂ ಇರೋದು ಆಟಿಕೆ, ಗೊಂಬೆ, ಒಗಟು, ಕಾರ್ಡುಗಳೇ. ಎಲ್ಲರೂ ಹೇಳ್ತಿರೋದು ಒಂದೇ: ಕೈ ಮೊದಲು, ಬರವಣಿಗೆ ಆಮೇಲೆ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಎರಡು ತಿಂಗಳಲ್ಲಿ ನಮ್ಮ ಮನೆಯಲ್ಲಿ ನಡೆದದ್ದು ಇವು.

ಹಿಟ್ಟು: ಚಪಾತಿ ಕಲಸುವಾಗ ಒಂದು ಉಂಡೆ ಅವಳಿಗೆ. ಖರ್ಚು ಸೊನ್ನೆ. ಕೆಲವು ದಿನ ಉಳಿಯುವ ಹಿಟ್ಟು ಬೇಕಂದ್ರೆ ಎರಡು ಕಪ್ ಮೈದಾ, ಒಂದು ಕಪ್ ಪುಡಿ ಉಪ್ಪು, ಒಂದು ಚಮಚ ಎಣ್ಣೆ, ಮುಕ್ಕಾಲು ಕಪ್ ನೀರು ಸ್ವಲ್ಪ ಸ್ವಲ್ಪವೇ ಹಾಕಿ ನಾದಿ. ಬಿಗಿ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಉಪ್ಪು ಜಾಸ್ತಿ ಇರೋದ್ರಿಂದ ತಿನ್ನೋಕೆ ಬಿಡಬೇಡಿ.

ಸುರಿ, ಜರಡಿ ಹಿಡಿ: ದೊಡ್ಡ ತಟ್ಟೆ, ಅರ್ಧ ಕೆಜಿ ಅಕ್ಕಿ, ಎರಡು ಲೋಟ, ಒಂದು ಚಮಚ, ಟೀ ಸೋಸುವ ಜರಡಿ. ಕೆಳಗೆ ಹಳೇ ಬೆಡ್‌ಶೀಟ್ ಹಾಸೋದು ಮರೀಬೇಡಿ. ಆಟ ಮುಗಿದರೆ ನಾಲ್ಕು ಮೂಲೆ ಎತ್ತಿದರೆ ಸಾಕು, ಅಕ್ಕಿ ಒಂದು ಕಡೆ ಸೇರುತ್ತೆ. ನಮ್ಮದು ಸಿರುಗುಪ್ಪದ ಸೋನಾ ಮಸೂರಿ. ಅವ್ವನಿಗೆ ಇದು ಗೊತ್ತಾದರೆ ಬೈಸಿಕೊಳ್ಳಬೇಕಾಗುತ್ತೆ ಅಂತ, ಎರಡು ತಿಂಗಳಿಂದ ಅದೇ ಅಕ್ಕಿ ಎತ್ತಿಟ್ಟು ಬಳಸ್ತಿದೀವಿ.

ಜೀನ್ಸ್ ಚೂರು: ಬಳ್ಳಾರಿ ಅಂದ್ರೆ ಜೀನ್ಸ್ ಹೊಲಿಗೆಯ ಊರು. ಪರಿಚಯದವರೊಬ್ಬರು ಒಂದು ಚೀಲ ಕತ್ತರಿಸಿದ ಚೂರು ಕೊಟ್ಟರು. ನಿಮಗೆ ಸಿಗದಿದ್ದರೆ ಹರಿದ ಪ್ಯಾಂಟೇ ಸಾಕು. ಅದರ ಜಿಪ್, ದೊಡ್ಡ ಗುಂಡಿ, ಜೇಬು ಬಿಡದೆ ಕತ್ತರಿಸಿ ರಟ್ಟಿಗೆ ಗಟ್ಟಿಯಾಗಿ ಹೊಲಿಯಿರಿ. ಎಳೆಯೋದು, ಹಾಕೋದು, ತೆಗೆಯೋದು. ಇನ್ನೊಂದು ಆಟ: ಜೀನ್ಸ್, ರೇಷ್ಮೆ, ಟವೆಲ್, ಗೋಣಿ, ಹತ್ತಿಬಟ್ಟೆ ಎರಡೆರಡು ಚೂರು ಒಂದು ಚೀಲಕ್ಕೆ ಹಾಕಿ. ಕಣ್ಣು ಮುಚ್ಚಿ ಮುಟ್ಟಿ ಜೋಡಿ ಹುಡುಕಬೇಕು. ಇದರಲ್ಲಿ ಅವಳು ನನ್ನನ್ನು ಸೋಲಿಸ್ತಾಳೆ.

ಅರಿಶಿನದ ಮ್ಯಾಜಿಕ್: ಅರಿಶಿನ ನೀರಿನಲ್ಲಿ ಬಿಳಿ ಕಾಗದಕ್ಕೆ ಬಣ್ಣ ಬಳಿದು ಒಣಗಿಸಿ. ಹತ್ತಿಕಡ್ಡಿಯನ್ನು ಸೋಪಿನ ನೀರಿಗೆ ಅದ್ದಿ ಅದರ ಮೇಲೆ ಬರೆಯೋಕೆ ಕೊಡಿ. ಹಳದಿ ಕೆಂಪಾಗುತ್ತೆ! ಸೋಪು ಕ್ಷಾರ, ಅರಿಶಿನದ ಬಣ್ಣ ಅದಕ್ಕೆ ಬದಲಾಗುತ್ತೆ. ಮೇಲೆ ನಿಂಬೆರಸ ಹಚ್ಚಿದರೆ ಮತ್ತೆ ಹಳದಿ. ಅರಿಶಿನದಿಂದ ಕುಂಕುಮ ಮಾಡುವ ಹಳೇ ಗುಟ್ಟೂ ಇದೇ. ಆದರೆ ಸುಣ್ಣ ಮಾತ್ರ ಮಕ್ಕಳ ಕೈಗೆ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತೆ. ಬಿಳಿ ಬಟ್ಟೆ ಹಾಕಿದ್ದರೆ ಮೊದಲು ಬದಲಿಸಿ.

ನೀರು ಮತ್ತು ಸ್ಪಂಜು: ಒಂದು ಬಟ್ಟಲಲ್ಲಿ ನೀರು, ಇನ್ನೊಂದು ಖಾಲಿ. ಸ್ಪಂಜಿನಲ್ಲಿ ಹೀರಿ ಆ ಕಡೆ ಹಿಂಡಬೇಕು. ಬೆರಳಿಗೆ ಇದಕ್ಕಿಂತ ಒಳ್ಳೆ ಕಸರತ್ತು ನಾನು ನೋಡಿಲ್ಲ. ಹಳೇ ಪೇಂಟ್ ಬ್ರಷ್ ಕೊಟ್ಟರೆ ಬಾಲ್ಕನಿ ಗೋಡೆಗೆಲ್ಲ ನೀರಿನ ಬಣ್ಣ.

ರಂಗೋಲಿ ಬೆರಳು: ತಟ್ಟೆಯಲ್ಲಿ ತೆಳ್ಳಗೆ ರಾಗಿಹಿಟ್ಟು ಹರಡಿ, ಬೆರಳಲ್ಲಿ ಗೆರೆ. ತಟ್ಟೆ ಅಲ್ಲಾಡಿಸಿದರೆ ಎಲ್ಲಾ ಅಳಿಸಿಹೋಗುತ್ತೆ. ತಪ್ಪಿನ ಭಯವೇ ಇಲ್ಲ. ಅಂಗಡಿಯ ರಂಗೋಲಿ ಪುಡಿ ಕಲ್ಲಿನದು, ಧೂಳು ಮೂಗಿಗೆ ಹೋಗುತ್ತೆ, ಬೇಡ.

ಇಷ್ಟಕ್ಕೂ ಸೇರಿ ನನ್ನ ಖರ್ಚು ನೂರು ರೂಪಾಯಿ ದಾಟಿಲ್ಲ.

ಎಚ್ಚರ

ಮೂರು ವರ್ಷದೊಳಗಿನ ಮಕ್ಕಳಿಗೆ ಕಡಲೆ, ಅವರೆ, ಮಣಿ, ಗುಂಡಿ ಬಿಡಿಬಿಡಿಯಾಗಿ ಕೊಡಲೇಬೇಡಿ. ಗಂಟಲಿಗೆ, ಮೂಗಿಗೆ ಹೋಗುತ್ತೆ. ಮೂರು ದಾಟಿದ್ದರೂ ಪಕ್ಕದಲ್ಲಿ ಕೂತಿರಿ. ನೀರಲ್ಲಿ ಉಬ್ಬುವ ಬಣ್ಣದ ಜೆಲ್ ಮಣಿಗಳು ಮನೆಗೇ ಬೇಡ. ನುಂಗಿದರೆ ಹೊಟ್ಟೆಯೊಳಗೂ ಉಬ್ಬುತ್ತವೆ. ನೀರಿನಾಟ ಆಡುವಾಗ ಬಾಗಿಲು ತೆಗೆಯೋಕೂ ಎದ್ದು ಹೋಗಬೇಡಿ, ಬಕೆಟ್ ಖಾಲಿ ಮಾಡಿಯೇ ಏಳಿ. ಮಣ್ಣಾಟ ಆದ ಮೇಲೆ ಉಗುರಿನ ಸಂದಿಯೂ ಸೇರಿ ಸೋಪಿನಲ್ಲಿ ಕೈ ತೊಳೆಸಿ. ಮಗು ಏನು ಮುಟ್ಟಿದರೂ ಹೆದರಿ ಅಳುತ್ತಿದ್ದರೆ, ಅಥವಾ ತಿಂಗಳುಗಟ್ಟಲೆ ಆಡಿದರೂ ಕೈಗೆ ಬಲ ಬಂದಿಲ್ಲ ಅನ್ನಿಸಿದರೆ, ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. ಅದರಲ್ಲಿ ನಾಚಿಕೆ ಏನಿಲ್ಲ.

ನಿಜ ಹೇಳಬೇಕಂದ್ರೆ

ಫೋನ್ ಪೂರ್ತಿ ಹೋಗಿಲ್ಲ. ಕಾಲ್ ಟೈಮಲ್ಲಿ ಈ ಆಟ ನಡೆಯೋದಿಲ್ಲ, ಯಾಕಂದ್ರೆ ಪಕ್ಕದಲ್ಲಿ ಒಬ್ಬರು ಬೇಕು. ಅದಕ್ಕೆ ಟೀಮಿಗೆ ಹೇಳಿ ಕಾಲ್ ಅರ್ಧ ಗಂಟೆ ಮುಂದಕ್ಕೆ ಹಾಕಿಸಿಕೊಂಡೆ. ಕೇಳೋಕೆ ಮೂರು ವಾರ ಧೈರ್ಯ ಬರಲಿಲ್ಲ. ಕೇಳಿದ ಮೇಲೆ ಮ್ಯಾನೇಜರ್ ಒಂದೇ ನಿಮಿಷದಲ್ಲಿ ಸರಿ ಅಂದ್ರು. ಆರರಿಂದ ಆರೂವರೆ ಈಗ ನಮ್ಮಿಬ್ಬರದು. ಆರೂವರೆಯಿಂದ ಎಂಟು ಫೋನಿನದ್ದೇ ಇತ್ತು. ಅದರಲ್ಲೂ ಈಗ ಅರ್ಧ ಹೊತ್ತು ಅವಳು ನನ್ನ ಕುರ್ಚಿ ಪಕ್ಕ ಕೂತು ಜೀನ್ಸ್ ಜಿಪ್ ಎಳೀತಿರ್ತಾಳೆ. ಮೀಟಿಂಗಲ್ಲಿ ಆ ಶಬ್ದ ಎಲ್ಲರಿಗೂ ಕೇಳುತ್ತೆ.

ಅವ್ವ ಹೇಳಿದ್ದನ್ನು ಪಾಲಿಸೋದೇ ಕಷ್ಟ. ‘ಹಾಗಲ್ಲ, ಹೀಗೆ’ ಅಂತ ಕೈ ಮುಂದೆ ಹೋಗಿಬಿಡುತ್ತೆ. ಹಿಂದಕ್ಕೆ ಎಳ್ಕೋತೀನಿ. ಎತ್ತಿಗೆ ಐದು ಕಾಲಿದ್ದರೆ ಇರಲಿ.

ಕಳೆದ ವಾರ ಪ್ಲೇಹೋಮ್‌ನಿಂದ ಟೀಚರ್ ಮೆಸೇಜ್ ಹಾಕಿದ್ದರು. ಟಿಫಿನ್ ಡಬ್ಬಿ ಮುಚ್ಚಳ ತಾನೇ ತೆಗೆದಳಂತೆ. ತೆಗೆದ ರಭಸಕ್ಕೆ ಅರ್ಧ ಚಿತ್ರಾನ್ನ ನೆಲಕ್ಕೆ. ಅವತ್ತು ಹಸಿದುಕೊಂಡೇ ಮನೆಗೆ ಬಂದವಳು, ಬಾಗಿಲಲ್ಲೇ ಎರಡೂ ಕೈ ಎತ್ತಿ ತೋರಿಸಿದಳು: ‘ಅಮ್ಮಾ, ನಾನೇ!’