ಎರಡು ದನಿಗೆ ಒಂದೇ ಪುಟ



ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಶಾಲೆಗಳಲ್ಲಿ ಎರಡು ಗುಂಪಿನ ಸಮೂಹಗಾನಕ್ಕಾಗಿ ಸಿದ್ಧಪಡಿಸಿದ ಹಾಳೆಗಳನ್ನು ನೋಡುತ್ತ ಬಂದಿದ್ದೇನೆ. ಹಲವುಗಳಲ್ಲಿ ಮೊದಲ ಗುಂಪಿನ ಪಾಠ ಮುಂಬದಿಯಲ್ಲಿ, ಎರಡನೆಯದು ಹಿಂಬದಿಯಲ್ಲಿ. ಒಟ್ಟಿಗೆ ಕೇಳಬೇಕಾದುದನ್ನು ಬೇರೆ ಬೇರೆ ಬರೆಯುವ ಈ ರೂಢಿ ಶುದ್ಧ ತಪ್ಪು.

ಸಂಗೀತ ಶ್ರವಣವಿದ್ಯೆ, ಪುಟದ ಗೊಡವೆ ಏಕೆ ಎನ್ನುವವರುಂಟು. ನಮ್ಮ ಜಿಲ್ಲೆಯ ದರೋಜಿ ಈರಮ್ಮನವರು (1930–2014) ಅಕ್ಷರದ ಹಂಗಿಲ್ಲದೆ ಬುರ್ರಕಥೆಯ ಮಹಾಕಾವ್ಯಗಳನ್ನು ಹಾಡಿದರು, ನಿಜ. ಆದರೆ ಅವರೊಡನೆ ದನಿಗೂಡಿಸಿದವರು ಮನೆಯವರೇ. ವರ್ಷಗಟ್ಟಲೆ ಜೊತೆಗೆ ಹಾಡಿ ಪಳಗಿದವರು. ನಮ್ಮ ಮಕ್ಕಳಿಗೆ ಸಿಗುವುದು ಸ್ಪರ್ಧೆಗೆ ಮುಂಚಿನ ಕೆಲವೇ ದಿನ. ಸುಬ್ಬರಾಮ ದೀಕ್ಷಿತರು 1904ರಲ್ಲಿ ತೆಲುಗು ಲಿಪಿಯಲ್ಲಿ ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೂ ಚಿಹ್ನೆಗಳಿವೆ. ಗಮಕವನ್ನೇ ಹೊತ್ತ ಪುಟ ಎರಡು ದನಿಗಳನ್ನು ಹೊರಲಾರದೇ? ಚರ್ಚುಗಳ ಗಾಯನವೃಂದದ ಪಾಶ್ಚಾತ್ಯ ಪುಸ್ತಕಗಳಲ್ಲಿ ನಾಲ್ಕು ದನಿಗಳು ಒಂದರ ಕೆಳಗೊಂದು ನಿಂತಿರುತ್ತವೆ.

ನಮ್ಮ ಸ್ವರಲಿಪಿಯಲ್ಲಿಯೂ ಇದು ಸುಲಭಸಾಧ್ಯ. ಆದಿತಾಳವಾದರೆ ಎಂಟು ಅಕ್ಷರಕ್ಕೆ ಎಂಟು ಮನೆಗಳು. ನಾಲ್ಕು, ಎರಡು, ಎರಡರ ಬಳಿಕ ಗೆರೆ. ಮೇಲೆ ಮೊದಲ ಗುಂಪಿನ ಸ್ವರ, ಅದರಡಿ ಸಾಹಿತ್ಯ; ಅದೇ ಮನೆಗಳ ನೇರಕ್ಕೆ ಕೆಳಗೆ ಎರಡನೆಯ ಗುಂಪಿನ ಸ್ವರ, ಸಾಹಿತ್ಯ. ತಾಳದ ಗೆರೆ ಎರಡನ್ನೂ ಸೀಳಿಕೊಂಡು ಇಳಿಯಲಿ. ಒಂದು ಗುಂಪು ಸುಮ್ಮನಿರುವ ಆವರ್ತದಲ್ಲಿ ಅದರ ಸಾಲನ್ನು ಅಳಿಸಬೇಡಿ; ಮೌನವೂ ಎಣಿಸಬೇಕಾದ ಪಾಠವೇ. ಆವರ್ತವನ್ನು ನಡುವೆ ಮುರಿದು ಮುಂದಿನ ಪುಟಕ್ಕೆ ಒಯ್ಯಬೇಡಿ.

ಗಣಕಯಂತ್ರದಲ್ಲಿ ಬೆರಳಚ್ಚಿಸುವವರಿಗೊಂದು ಮಾತು. ಕನ್ನಡದ ಅಕ್ಷರಗಳು ಸಮ ಅಗಲದವಲ್ಲ. ‘ರ’ ಕಿರಿದು, ‘ಯಾ’ ಹಿರಿದು. ಖಾಲಿ ಜಾಗ ಒತ್ತಿ ಒತ್ತಿ ಹೊಂದಿಸಿದ ಸಾಲು ಅಕ್ಷರಶೈಲಿ ಬದಲಾದೊಡನೆ ಚದುರಿಹೋಗುತ್ತದೆ. ಆದ್ದರಿಂದ ಕೋಷ್ಟಕವನ್ನೇ ಬಳಸಿ. ಮೇಲಿನ ಸಾಹಿತ್ಯದ ಒತ್ತಕ್ಷರ ಇಳಿದು ಕೆಳಸಾಲಿನ ತಾರಸ್ಥಾಯಿಯ ಚುಕ್ಕೆಯನ್ನು ನುಂಗದಂತೆ ನಡುವೆ ಅಂತರ ಬಿಡಿ.

ಕಾಗದ ಹೆಚ್ಚು ಬೇಕಾಗುತ್ತದೆಂಬ ಆಕ್ಷೇಪವನ್ನು ನಾನು ಒಪ್ಪೆನು. ಉಳಿಸಿದ ಒಂದು ಹಾಳೆಯ ಬೆಲೆಯನ್ನು ತೆರುವವರು ಎರಡನೆಯ ಗುಂಪಿನ ಮಕ್ಕಳು. ಎಲ್ಲಿ ಸೇರಬೇಕೆಂದು ತಿಳಿಯದೆ ಅವರು ತಡವರಿಸುತ್ತಾರೆ. ನಾವು ಅವರಿಗೆ ಶ್ರುತಿಜ್ಞಾನವಿಲ್ಲವೆಂದು ಹಣೆಪಟ್ಟಿ ಹಚ್ಚುತ್ತೇವೆ. ಇನ್ನೊಬ್ಬರು ಏನು ಹಾಡುತ್ತಿದ್ದಾರೆಂಬುದು ಕಣ್ಣಿಗೆ ಬಿದ್ದರೆ ಮಗು ಕಿವಿಗೊಡುವುದನ್ನೂ ಕಲಿಯುತ್ತದೆ. ಸಮೂಹಗಾನದ ಮುಖ್ಯ ಪಾಠವೇ ಅದು.

ನಿಮ್ಮಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದೀರಿ. ಮುಂದಿನ ಹಾಡನ್ನು ಹೀಗೆ ಬರೆದು ನೋಡಿ.