ಒಂದು ‘&’ ಬಂದರೆ ಇಡೀ ಆ್ಯಪ್ ಯಾಕೆ ಖಾಲಿ?

ಬಸ್ಸಲ್ಲಿ ಕೂತು ಸುದ್ದಿ ಆ್ಯಪ್ ತೆರೀತೀರಿ. ಚಕ್ರ ಸುತ್ತುತ್ತೆ, ಸುತ್ತುತ್ತೆ, ಆಮೇಲೆ ಖಾಲಿ ಪರದೆ. ನೆಟ್ ಚೆನ್ನಾಗೇ ಇದೆ, ವಾಟ್ಸ್‌ಆ್ಯಪ್ ಸಲೀಸಾಗಿ ಓಡ್ತಿದೆ. ನೀವು ಬೈಕೊಂಡು, ಒಂದು ಸ್ಟಾರ್ ಕೊಟ್ಟು ಮುಂದೆ ಹೋಗ್ತೀರಿ. ಆ ಕಡೆ ಆ್ಯಪ್ ಬರೆದ ಹುಡುಗಿಗೆ ಮಾರನೇ ದಿನದ ಮೀಟಿಂಗಲ್ಲಿ ಮಂಗಳಾರತಿ. ಕಾರಣ ಹುಡುಕಿದರೆ ಎಷ್ಟೋ ಸಲ ಸಿಗೋದು ಇಷ್ಟೇ: ಯಾರೋ ಶೀರ್ಷಿಕೆಯಲ್ಲಿ ‘ಇಡ್ಲಿ & ವಡೆ’ ಅಂತ ಟೈಪ್ ಮಾಡಿದ್ದಾರೆ.

ಇದು ಎಕ್ಸ್‌ಎಂಎಲ್‌ನ ಗುಣ. 1998ರ ಫೆಬ್ರವರಿಯಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಇದಕ್ಕೆ ಅಧಿಕೃತ ರೂಪ ಕೊಟ್ಟಿತು. ಪ್ರತಿ ಮಾಹಿತಿಯನ್ನೂ ಒಂದು ಜೋಡಿ ಟ್ಯಾಗ್ ನಡುವೆ ಇಡೋದು ಇದರ ಪದ್ಧತಿ. ಟ್ಯಾಗ್ ಇಂಗ್ಲಿಷಲ್ಲೇ ಇರಬೇಕು ಅಂತಿಲ್ಲ, <ಅಂಗಡಿ> ಅಂತ ಶುರು ಮಾಡಿ </ಅಂಗಡಿ> ಅಂತ ಮುಗಿಸಿದರೂ ನಿಯಮಕ್ಕೆ ಸರಿಯೇ. ಹೊಸ ಆ್ಯಪ್‌ಗಳು ಹೆಚ್ಚಾಗಿ ಜೇಸನ್ ಕಡೆ ಹೋಗಿವೆ, ನಿಜ. ಆದರೆ ಸುದ್ದಿಯ ಆರ್‌ಎಸ್‌ಎಸ್ ಫೀಡ್, ಯುಪಿಐ ಹಿಂದೆ ಓಡಾಡುವ ಸಂದೇಶ, ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಕಡತ ಎಲ್ಲದರಲ್ಲೂ ಎಕ್ಸ್‌ಎಂಎಲ್ ಇನ್ನೂ ಇದೆ. ಮೊಬೈಲ್ ಆ್ಯಪ್ ಕೆಲಸದಲ್ಲಿರೋರಿಗೆ ಇವತ್ತಲ್ಲ ನಾಳೆ ಇದು ಎದುರಾಗುತ್ತೆ.

ವೆಬ್ ಪುಟದಲ್ಲಿ ತಪ್ಪಿದ್ದರೆ ಬ್ರೌಸರ್ ಊಹೆ ಮಾಡಿ ಹೇಗೋ ತೋರಿಸುತ್ತೆ. ಎಕ್ಸ್‌ಎಂಎಲ್‌ನಲ್ಲಿ ಆ ಮಾತೇ ಇಲ್ಲ. ವ್ಯಾಕರಣ ತಪ್ಪಿದ ಜಾಗದಲ್ಲೇ ನಿಲ್ಲಬೇಕು, ಊಹೆ ಮಾಡಿ ಮುಂದುವರಿಯಬಾರದು ಅಂತ ನಿಯಮವೇ ಹೇಳುತ್ತೆ. ‘&’ ಅಲ್ಲಿ ವಿಶೇಷ ಚಿಹ್ನೆ. ಅದನ್ನ ಬರೀಬೇಕಂದ್ರೆ ಅದರ ಮುಂದೆ ಎ, ಎಂ, ಪಿ ಅಕ್ಷರ ಮತ್ತು ಸೆಮಿಕೋಲನ್ ಹಾಕಬೇಕು. ಇಂಥ ಸಂಕೇತಗಳಲ್ಲಿ ಎಕ್ಸ್‌ಎಂಎಲ್‌ಗೆ ಹುಟ್ಟಿನಿಂದ ಗೊತ್ತಿರೋದು ಐದೇ. ವೆಬ್ ಪುಟದಲ್ಲಿ ಖಾಲಿ ಜಾಗಕ್ಕೆ ಬಳಸುವ ‘ಎನ್‌ಬಿಎಸ್‌ಪಿ’ ಆ ಐದರಲ್ಲಿಲ್ಲ. ಯಾರಾದರೂ ವೆಬ್‌ನಿಂದ ಕಾಪಿ ಮಾಡಿ ತಂದು ಹಾಕಿದರೆ ಅಲ್ಲಿಗೆ ಕಥೆ ಮುಗೀತು.

ಆಗ ಎಲ್ಲರೂ ಮೊದಲು ಮಾಡೋ ಉಪಾಯ, ಓದೋಕೆ ಮುಂಚೆ ಸಿಕ್ಕ ‘&’ಗಳನ್ನೆಲ್ಲ ಬದಲಾಯಿಸಿಬಿಡೋದು. ಸರಿಯಾಗಿ ಬರೆದಿದ್ದವೂ ಅದರ ಜೊತೆ ಕೆಡುತ್ತವೆ. ಶೀರ್ಷಿಕೆಯ ಮಧ್ಯೆ ‘ಎಎಂಪಿ’ ಅಂತ ಇಂಗ್ಲಿಷ್ ಅಕ್ಷರಗಳು ಕಾಣೋಕೆ ಶುರುವಾಗುತ್ತೆ. ಇಂಥ ಆ್ಯಪ್ ನೀವೂ ನೋಡಿರ್ತೀರಿ. ಇನ್ನು ಕೆಲವರು ಪಾರ್ಸರ್ ಸಹವಾಸವೇ ಬೇಡ ಅಂತ ರೆಜೆಕ್ಸ್ ಹಾಕಿ ಬೇಕಾದ್ದನ್ನ ಕಿತ್ತು ತರ್ತಾರೆ. ಫೀಡ್ ಕಳಿಸೋರು ಟ್ಯಾಗ್ ಒಳಗಿನ ಎರಡು ಮಾಹಿತಿ ಹಿಂದುಮುಂದು ಮಾಡಿದ ದಿನ ಅದೂ ನೆಲಕಚ್ಚುತ್ತೆ. ತಿದ್ದಲೇಬೇಕಾದರೆ, ಮುಂದೆ ಸಂಕೇತವಿಲ್ಲದ ಒಂಟಿ ‘&’ಗಳನ್ನ ಮಾತ್ರ ತಿದ್ದಿ. ಸಿಡೇಟಾ ಅಂತ ಗುರುತು ಹಾಕಿದ ಭಾಗಗಳನ್ನ ಮುಟ್ಟಬೇಡಿ, ಅಲ್ಲಿ ‘&’ ಹಾಗೇ ಇರಬಹುದು.

ಎರಡನೇ ತೊಂದರೆ ಮೆಮೊರಿಯದು. ಎಕ್ಸ್‌ಎಂಎಲ್ ಓದೋಕೆ ಎರಡು ದಾರಿ. ಡಾಮ್ ವಿಧಾನ ಅಂದರೆ ಅಕ್ಕಿ ಮೂಟೆಯನ್ನ ಪೂರ್ತಿ ನೆಲಕ್ಕೆ ಸುರಿದು ಆಮೇಲೆ ಕಲ್ಲು ಹುಡುಕಿದ ಹಾಗೆ. ಕಡತ ಪೂರ್ತಿ ಮೆಮೊರಿಗೆ ಬರುತ್ತೆ, ಅದೂ ತನ್ನ ಗಾತ್ರದ ಹಲವು ಪಟ್ಟು ಜಾಗ ಹಿಡಿದು. ಇನ್ನೊಂದು, ಮೊರದಲ್ಲಿ ಸ್ವಲ್ಪ ಸ್ವಲ್ಪ ಹಾಕಿಕೊಂಡು ಆರಿಸೋದು. 2008ರ ಮೊದಲ ಆಂಡ್ರಾಯ್ಡ್ ಫೋನಲ್ಲಿ ಒಂದು ಆ್ಯಪ್‌ಗೆ ಸಿಗ್ತಿದ್ದ ಹೀಪ್ ಮೆಮೊರಿ 16 ಎಂಬಿ. ಈಗ ಪರಿಸ್ಥಿತಿ ಸುಧಾರಿಸಿದೆ, ಆದರೆ ಕಡಿಮೆ ಬೆಲೆಯ ಫೋನಲ್ಲಿ ಇವತ್ತೂ ಕೈ ಬಿಗಿಯೇ. ಕನ್ನಡಕ್ಕೆ ಖರ್ಚೂ ಜಾಸ್ತಿ: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು. ‘ಬೆಂಗಳೂರು’ ಅಂತ ಬರೆದರೆ 24 ಬೈಟ್, ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 9.

ಐಫೋನಲ್ಲಿ ಆ್ಯಪಲ್ ಈ ಆಯ್ಕೆಯನ್ನೇ ನಿಮ್ಮ ಕೈಗೆ ಬಿಟ್ಟಿಲ್ಲ. ಕಡತವನ್ನ ಪೂರ್ತಿ ಮರದ ರೂಪದಲ್ಲಿ ಕೊಡುವ ‘ಎಕ್ಸ್‌ಎಂಎಲ್ ಡಾಕ್ಯುಮೆಂಟ್’ ಇರೋದು ಮ್ಯಾಕ್‌ನಲ್ಲಿ ಮಾತ್ರ. ಫೋನಿನ ಫೌಂಡೇಶನ್ ಲೈಬ್ರರಿಯಲ್ಲಿ ಸಿಗೋದು ‘ಎಕ್ಸ್‌ಎಂಎಲ್ ಪಾರ್ಸರ್’. ಅದು ಪಂಕ್ತಿ ಊಟದ ಥರ: ನೀವು ಸಿದ್ಧ ಇರಿ ಬಿಡಿ, ಒಂದಾದ ಮೇಲೊಂದು ಬಡಿಸ್ತಾ ಹೋಗುತ್ತೆ. ಆಂಡ್ರಾಯ್ಡ್ ತಾನೇ ಶಿಫಾರಸು ಮಾಡೋ ಪುಲ್ ಪಾರ್ಸರ್ ಬಫೆ ಥರ, ಮುಂದಿನದು ಬೇಕು ಅಂದಾಗ ನೀವೇ ಕೇಳಿ ತಗೋಬೇಕು. ಎರಡರಲ್ಲೂ ಒಂದು ದೊಡ್ಡ ಲಾಭ ಇದೆ. ನಲವತ್ತನೇ ಸುದ್ದಿಯಲ್ಲಿ ತಪ್ಪು ಬಂದರೂ ಮೊದಲ ಮೂವತ್ತೊಂಬತ್ತು ನಿಮ್ಮ ಕೈ ಸೇರಿರುತ್ತವೆ. ಅವನ್ನ ಎಸೀಬೇಡಿ, ತೋರಿಸಿ.

ಹೀಗೆ ತುಂಡು ತುಂಡಾಗಿ ಓದುವಾಗ ಹುಷಾರಾಗಿರಬೇಕಾದ ವಿಷಯವೂ ಒಂದಿದೆ. ಐಫೋನಿನ ಪಾರ್ಸರ್ ಒಂದೇ ಟ್ಯಾಗ್‌ನ ಒಳಗಿನ ಪಠ್ಯವನ್ನ ಎರಡು ಮೂರು ಕಂತಲ್ಲಿ ಕೊಡಬಹುದು. ಆಂಡ್ರಾಯ್ಡ್‌ನ ಸ್ಯಾಕ್ಸ್ ಪಾರ್ಸರ್ ಕೂಡ ಹಾಗೇ. ‘ಇಡ್ಲಿ & ವಡೆ’ಯನ್ನ ಸರಿಯಾಗೇ ಬರೆದಿದ್ದರೂ ಮೊದಲು ‘ಇಡ್ಲಿ’, ಆಮೇಲೆ ‘&’, ಕೊನೆಗೆ ‘ವಡೆ’ ಅಂತ ಬರಬಹುದು. ಕೊನೇ ಕಂತನ್ನಷ್ಟೇ ಇಟ್ಟುಕೊಂಡರೆ ಪರದೆ ಮೇಲೆ ಬರೀ ವಡೆ. ಕನ್ನಡದಲ್ಲಿ ಕಂತು ಒತ್ತಕ್ಷರದ ನಡುವೆಯೇ ಮುರಿದರೆ ಓದೋಕೂ ಆಗಲ್ಲ. ಚಿಕ್ಕ ಕಡತದಲ್ಲಿ ಪರೀಕ್ಷೆ ಮಾಡಿದಾಗ ಇದು ಸಿಕ್ಕಿಬೀಳಲ್ಲ, ನಿಜವಾದ ದೊಡ್ಡ ಫೀಡ್ ಬಂದಾಗಲೇ ಬಯಲಾಗೋದು. ಪರಿಹಾರ ಸುಲಭ: ಬಂದ ಕಂತುಗಳನ್ನೆಲ್ಲ ಕೂಡಿಸ್ತಾ ಹೋಗಿ, ಮುಗಿಯುವ ಟ್ಯಾಗ್ ಕಂಡಾಗ ಮಾತ್ರ ಬಳಸಿ. ಇನ್ನೊಂದು, ನೆಟ್‌ನಿಂದ ಬಂದ ಬೈಟ್‌ಗಳನ್ನ ನೀವೇ ಪಠ್ಯ ಮಾಡೋಕೆ ಹೋಗಬೇಡಿ. ಹಾಗೇ ಪಾರ್ಸರ್‌ಗೆ ಕೊಡಿ, ಯಾವ ಎನ್‌ಕೋಡಿಂಗ್ ಅಂತ ಕಡತದ ಮೊದಲ ಸಾಲು ನೋಡಿ ಅದೇ ತಿಳ್ಕೊಳ್ಳುತ್ತೆ.

ಇಷ್ಟೆಲ್ಲ ಫೋನಿನ ಒಳಗೆ ಮಾಡೋ ಸಾಹಸ. ನಾನು ಹೇಳಬೇಕಾದ ಮುಖ್ಯ ವಿಷಯ ಬೇರೆ: ಈ ಕೆಲಸ ಫೋನಲ್ಲೇ ಆಗಬೇಕಾ?

ಆಂಡ್ರಾಯ್ಡ್ ಏನು ಮಾಡುತ್ತೆ ನೋಡಿ. ಅದರ ಲೇಔಟ್ ಕಡತಗಳನ್ನ ನಾವು ಎಕ್ಸ್‌ಎಂಎಲ್‌ನಲ್ಲೇ ಬರೀತೀವಿ. ಆದರೆ ಆ್ಯಪ್ ಬಿಲ್ಡ್ ಆಗುವಾಗಲೇ ಅವು ಬೈನರಿ ರೂಪಕ್ಕೆ ಬದಲಾಗಿಬಿಡುತ್ತವೆ. ಕಚ್ಚಾ ಪಠ್ಯ ಓದುವ ಕಷ್ಟ ಅದು ಫೋನಿಗೆ ಕೊಡೋದೇ ಇಲ್ಲ. ಕಷ್ಟದ ಕೆಲಸ ಡೆವಲಪರ್‌ನ ಕಂಪ್ಯೂಟರಲ್ಲಿ, ಒಂದೇ ಸಲ.

ನಾವೂ ಹಾಗೇ ಮಾಡಬಹುದು. ಫೀಡ್‌ಗೂ ಫೋನಿಗೂ ನಡುವೆ ಸರ್ವರ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಇಡೋದು. ಅದು ಎಕ್ಸ್‌ಎಂಎಲ್ ಓದಿ, ಕೆಟ್ಟದ್ದನ್ನ ತಿದ್ದಿ ಇಲ್ಲವೇ ಬಿಟ್ಟು, ಬೇಕಾದಷ್ಟನ್ನೇ ಜೇಸನ್ ಮಾಡಿ ಕಳಿಸುತ್ತೆ. ಫೀಡ್‌ನಲ್ಲಿ ಹೊಸ ಎಡವಟ್ಟು ಬಂದರೆ ಒಂದು ಕಡೆ ಸರಿಮಾಡಿದರೆ ಸಾಕು. ಆ್ಯಪ್‌ನಲ್ಲೇ ತಿದ್ದಿದರೆ ಪ್ಲೇ ಸ್ಟೋರ್‌ಗೆ ಹೋಗಬೇಕು, ಜನ ಅಪ್‌ಡೇಟ್ ಮಾಡ್ಕೋಬೇಕು. ಫೋನಲ್ಲಿ ಜಾಗ ಇಲ್ಲ ಅಂತ ಅಪ್‌ಡೇಟನ್ನೇ ನಿಲ್ಲಿಸಿದವರಿಗೆ ಆ ತಿದ್ದುಪಡಿ ತಲುಪೋದೇ ಇಲ್ಲ. ಖಾಲಿ ಪರದೆ ಹೆಚ್ಚು ನೋಡೋರೂ ಅವರೇ.

ಆದರೆ ಎಲ್ಲದಕ್ಕೂ ಇದೇ ಮದ್ದಲ್ಲ. ಆಧಾರ್‌ನ ಆಫ್‌ಲೈನ್ ಕಡತಕ್ಕೆ ಡಿಜಿಟಲ್ ಸಹಿ ಇರುತ್ತೆ. ಒಳಗಿನ ಒಂದಕ್ಷರ ತಿದ್ದಿದರೂ ಸಹಿ ತಾಳೆ ಆಗಲ್ಲ. ಅಲ್ಲದೆ ಅದರಲ್ಲಿರೋದು ಒಬ್ಬರ ಹೆಸರು, ವಿಳಾಸ, ಫೋಟೋ. ನಮಗೆ ಓದೋಕೆ ಸುಲಭ ಅನ್ನೋ ಒಂದೇ ಕಾರಣಕ್ಕೆ ಅದನ್ನ ನಮ್ಮ ಸರ್ವರ್‌ಗೆ ಎಳೆದು ತರೋದು ಸರಿಯಲ್ಲ. ಅಂಥದ್ದನ್ನ ಫೋನಲ್ಲೇ, ಮೊರದ ವಿಧಾನದಲ್ಲಿ, ಏನೂ ತಿದ್ದದೆ ಓದಿ. ಕೆಟ್ಟಿದ್ದರೆ ‘ದಯವಿಟ್ಟು ಮತ್ತೊಮ್ಮೆ ಡೌನ್‌ಲೋಡ್ ಮಾಡಿ’ ಅಂತ ಹೇಳಿ. ಗೊತ್ತಿಲ್ಲದವರಿಂದ ಬಂದ ಕಡತಕ್ಕೆ ಡಿಟಿಡಿ, ಹೊರಗಿನ ಎಂಟಿಟಿ ಎರಡನ್ನೂ ಬಂದ್ ಮಾಡಿಡಿ. ‘ಬಿಲಿಯನ್ ಲಾಫ್ಸ್’ ಅನ್ನೋ ಹಳೇ ದಾಳಿಯಲ್ಲಿ 1 ಕೆಬಿಯೂ ಇಲ್ಲದ ಕಡತ ಬಿಚ್ಚಿಕೊಳ್ತಾ ಹೋಗಿ ಸುಮಾರು 3 ಜಿಬಿ ಆಗಿಬಿಡುತ್ತೆ.

ಫೀಡ್ ಕಳಿಸೋರ ಜೊತೆ ಮಾತಾಡೋದನ್ನೂ ಮರೀಬೇಡಿ. ‘ನಿಮ್ಮ ಫೀಡ್ ಸರಿಯಿಲ್ಲ’ ಅಂದರೆ ‘ನಮ್ಮ ಕಡೆ ಎಲ್ಲ ಸರಿ ಇದೆ’ ಅಂತಲೇ ಉತ್ತರ ಬರೋದು. ತಪ್ಪು ಯಾವ ಸಾಲು, ಎಷ್ಟನೇ ಅಕ್ಷರ ಅಂತ ಎರಡೂ ಪಾರ್ಸರ್‌ಗಳು ಹೇಳುತ್ತವೆ. ಅದನ್ನ ಲಾಗ್‌ನಲ್ಲಿ ಉಳಿಸಿ, ಆ ಸಾಲನ್ನೇ ಮೇಲ್‌ನಲ್ಲಿ ಹಾಕಿ. ‘ಸಾಲು 212, ಒಂಟಿ &’ ಅಂದ ಮೇಲೆ ವಾದಕ್ಕೆ ಜಾಗ ಇರಲ್ಲ. ಬೆಳಗಿನ ಮೀಟಿಂಗಲ್ಲೂ ಅದೇ ಸಾಲು ನಿಮ್ಮ ಪರ ಮಾತಾಡುತ್ತೆ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಆ್ಯಪ್‌ನ ಪರೀಕ್ಷೆಗೆ ಮೂರು ಕಡತ ತಯಾರಿಸಿ: ಒಂಟಿ ‘&’ ಇರೋದು ಒಂದು, ಅರ್ಧಕ್ಕೆ ಕತ್ತರಿಸಿದ್ದು ಒಂದು, ಉದ್ದುದ್ದ ಕನ್ನಡ ಪಠ್ಯ ತುಂಬಿದ ದೊಡ್ಡದು ಒಂದು. ಮೂರನ್ನೂ ಮನೆಯಲ್ಲಿರೋ ಅತಿ ಹಳೇ ಫೋನಲ್ಲಿ ಓಡಿಸಿ. ಹೊಸ ಸುದ್ದಿ ಬರದಿದ್ದರೆ ನಿನ್ನೆ ಉಳಿಸಿಟ್ಟದ್ದನ್ನಾದರೂ ತೋರಿಸಲಿ, ಮೇಲೆ ‘ಕೊನೆಯ ಅಪ್‌ಡೇಟ್: ನಿನ್ನೆ ರಾತ್ರಿ 8ಕ್ಕೆ’ ಅಂತ ಬರೆದಿರಲಿ. ಬಸ್ಸಲ್ಲಿ ಕೂತವರಿಗೆ ಓದೋಕೆ ಏನಾದರೂ ಇರುತ್ತೆ.